ಕುಬ್ಜ ಯಾವುದು, ದೈತ್ಯ ಯಾವುದು? ವೈನು ಬಾಪು ಅಳೆದ ಒಂದು ಗೆರೆಯ ಕಥೆ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮಳೆಗೆ ನಕ್ಷತ್ರದ ಹೆಸರು ಇರತ್ತೆ. ಮೇ ಕೊನೆಗೆ ರೋಹಿಣಿ ಮಳೆ, ಜೂನ್ ಕೊನೆಗೆ ಆರಿದ್ರಾ ಮಳೆ, ಅದರ ಬೆನ್ನಿಗೇ ಪುನರ್ವಸು, ದೀಪಾವಳಿ ಆಸುಪಾಸಿಗೆ ಸ್ವಾತಿ ಮಳೆ. ಹೊಗೆಸೊಪ್ಪಿನ ಸಸಿ ನೆಡೋದಿರಲಿ, ಭತ್ತಕ್ಕೆ ಒಟ್ಲು ಹಾಕೋದಿರಲಿ, ಮನೆಯ ಹಿರಿಯರು ಕ್ಯಾಲೆಂಡರಿನಲ್ಲಿ ಮೊದಲು ಹುಡುಕೋದು ಈ ಹೆಸರುಗಳನ್ನೇ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿ ಇರುವಾಗ ಬರುವ ಮಳೆಗೆ ಆ ಹೆಸರು. ಹಾಗಾಗಿ ರೋಹಿಣಿ ಮಳೆ ಸುರಿಯುವಾಗ ಮೋಡ ಇಲ್ಲದಿದ್ದರೂ ರೋಹಿಣಿ ನಕ್ಷತ್ರ ನಮಗೆ ಕಾಣೋದಿಲ್ಲ, ಅದು ಹಗಲಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತಿರತ್ತೆ.

ಇದರಲ್ಲಿ ಇನ್ನೊಂದು ಸೋಜಿಗ ಇದೆ. ಮೇಲೆ ಹೇಳಿದ ನಾಲ್ಕು ಮಳೆಗಳಿಗೆ ಸಲ್ಲುವ ನಕ್ಷತ್ರಗಳೆಲ್ಲ ದೈತ್ಯರು. ರೋಹಿಣಿಯ ಅಡ್ಡಗಲ ಸೂರ್ಯನ ನಲವತ್ತು ಪಟ್ಟಿಗೂ ಹೆಚ್ಚು. ಆರ್ದ್ರಾ ಅಂತೂ ನೂರಾರು ಪಟ್ಟು. ಕಣ್ಣಿಗೆ ಚೆನ್ನಾಗಿ ಕಾಣೋ ನಕ್ಷತ್ರಗಳಿಗೆ ಹೆಸರು ಬಂತು, ಅಷ್ಟು ದೂರದಿಂದಲೂ ಚೆನ್ನಾಗಿ ಕಾಣಬೇಕಾದರೆ ದೈತ್ಯನಾಗಿರುವುದು ಅನುಕೂಲ. ಆದರೆ ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳ ತಲೆ ಎಣಿಸಿದರೆ ನಾಲ್ಕರಲ್ಲಿ ಸುಮಾರು ಮೂರು ಕೆಂಪು ಕುಬ್ಜಗಳು. ಅವುಗಳಲ್ಲಿ ಒಂದಾದರೂ ಬರಿಗಣ್ಣಿಗೆ ಕಾಣೋದಿಲ್ಲ, ಒಂದರ ಹೆಸರಿನಲ್ಲೂ ಮಳೆ ಬೀಳೋದಿಲ್ಲ.

ಒಂದು ಕೆಂಪು ಚುಕ್ಕಿ ಹತ್ತಿರದ ಕುಬ್ಜವೋ ದೂರದ ದೈತ್ಯವೋ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ? ಆ ಪ್ರಶ್ನೆಗೆ ಬೆಳಕಿನೊಳಗಿನ ಒಂದು ಸಣ್ಣ ಗೆರೆಯ ಅಗಲ ಅಳೆದು ಉತ್ತರ ಕೊಟ್ಟ ಇಬ್ಬರಲ್ಲಿ ಒಬ್ಬರು ವೈನು ಬಾಪು. ಬೆಂಗಳೂರಿನ ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು ಅವರೇ. ಅವರ ಬದುಕನ್ನು ನಾವು ಇಲ್ಲಿ ಹೇಳಲು ಹೊರಟಿರೋದಕ್ಕೆ ಎರಡು ಕಾರಣ. ಒಂದು, ನಕ್ಷತ್ರಗಳ ಬಾಳು ಅರ್ಥವಾಗಲು ಅವರ ಕೆಲಸ ಒಳ್ಳೆಯ ಬಾಗಿಲು. ಇನ್ನೊಂದು, ಅವರ ಅರ್ಧ ಬದುಕು ಕಳೆದದ್ದು ನಾವು ಕಲಿಯುತ್ತಿರೋ ವಿದ್ಯೆಯಲ್ಲೇ: ಗಾಜು ಉಜ್ಜೋದು, ಉಕ್ಕು ಕಟ್ಟೋದು, ಮೋಟಾರು ತಿರುಗಿಸೋದು.

ವೀಕ್ಷಣಾಲಯದ ಮನೆಯ ಹುಡುಗ

ಮನಾಲಿ ಕಲ್ಲಾಟ್ ವೈನು ಬಾಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಆಗಿನ ಮದ್ರಾಸಿನಲ್ಲಿ. ಮೂಲ ಮನೆತನ ಕೇರಳದ ತಲಶ್ಶೇರಿ ಕಡೆಯದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಒಬ್ಬನೇ ಮಗ. ಬೇರೆ ಮಕ್ಕಳು ಬೀದಿಯಲ್ಲಿ ಆಡಿಕೊಂಡಿದ್ದರೆ, ಈ ಹುಡುಗನಿಗೆ ದೂರದರ್ಶಕದ ಗುಮ್ಮಟದ ಕೆಳಗೂ ಓಡಾಡೋ ಅವಕಾಶ ಇತ್ತು.

ಅವರು ಬರೀ ಲೆಕ್ಕ ಮಾಡಿಕೊಂಡು ಕೂರುವ ಪೈಕಿ ಅಲ್ಲ. ಚರ್ಚಾಸ್ಪರ್ಧೆ, ಆಟ, ಚಿತ್ರಕಲೆ, ಉರ್ದು ಕಾವ್ಯ, ಎಲ್ಲದರಲ್ಲೂ ಒಲವು. ನಿಜಾಮ್ ಕಾಲೇಜಿನಲ್ಲಿ ಓದುವಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ರಾತ್ರಿ ರಾತ್ರಿ ಗಮನಿಸಿ ಲೇಖನ ಪ್ರಕಟಿಸಿದ್ದರು. ಅಂದರೆ ಡಿಗ್ರಿ ಕೈಗೆ ಬರುವ ಮುಂಚೆಯೇ ಅವರೊಬ್ಬ ವೀಕ್ಷಕ ಆಗಿದ್ದರು.

ಆ ಕಾಲದಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಮುಖ್ಯಸ್ಥ ಹಾರ್ಲೋ ಶಾಪ್ಲಿ ಭಾರತಕ್ಕೆ ಬಂದಿದ್ದರು, ಹೈದರಾಬಾದಿನಲ್ಲಿ ಬಾಪು ಅವರನ್ನು ಕಂಡರು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನವೂ ಸಿಕ್ಕಿ, 1949ರಲ್ಲಿ ಬಾಪು ಹಾರ್ವರ್ಡ್ ಸೇರಿದರು. ಹೋಗಿ ಕೆಲವೇ ತಿಂಗಳು. ಜುಲೈ 2ರ ರಾತ್ರಿ ತೆಗೆದ ಒಂದು ಫೋಟೋ ಫಲಕವನ್ನು ನೋಡುವಾಗ ಅಲ್ಲಿ ಇರಬಾರದ ಒಂದು ಮಸುಕು ಗುರುತು ಅವರ ಕಣ್ಣಿಗೆ ಬಿತ್ತು. ಅದು ಹೊಸ ಧೂಮಕೇತು. ಪ್ರಾಧ್ಯಾಪಕ ಬಾರ್ಟ್ ಬೋಕ್, ಸಹಪಾಠಿ ಗಾರ್ಡನ್ ನ್ಯೂಕರ್ಕ್ ಜೊತೆ ಸೇರಿ ಅದನ್ನು ಖಚಿತ ಮಾಡಿದರು. ಇವತ್ತಿಗೂ ಅದರ ಹೆಸರು ಬಾಪು-ಬೋಕ್-ನ್ಯೂಕರ್ಕ್ ಧೂಮಕೇತು. ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 60,000 ವರ್ಷ ಬೇಕು ಅಂತ ಬಾಪು ಲೆಕ್ಕ ಹಾಕಿದರು. ಪೆಸಿಫಿಕ್ ಖಗೋಳ ಸಂಘದ ಡೊನೊಹೊ ಪದಕ ಬಂತು. ಅವರಿಗೆ ಆಗ ಇಪ್ಪತ್ತೆರಡು ವರ್ಷ.

1952ರಲ್ಲಿ ಡಾಕ್ಟರೇಟ್ ಮುಗಿಯಿತು. ಕಾರ್ನೆಗಿ ಫೆಲೋಶಿಪ್ ಸಿಕ್ಕಿ ಕ್ಯಾಲಿಫೋರ್ನಿಯಾಗೆ ಹೋದರು. ಅಲ್ಲಿ ಮೌಂಟ್ ಪಾಲೊಮಾರ್ ಮೇಲೆ ಐದು ಮೀಟರ್ ಕನ್ನಡಿಯ ದೂರದರ್ಶಕ ಇತ್ತು, ಆಗ ಜಗತ್ತಿನಲ್ಲೇ ದೊಡ್ಡದು. ಅದರ ಬುಡದಲ್ಲಿ ಕೂತು ಕೆಲಸ ಮಾಡೋ ಅವಕಾಶ ಸಿಕ್ಕ ಮೊದಲ ಭಾರತೀಯರಲ್ಲಿ ಬಾಪು ಒಬ್ಬರು. ಆ ಗೆರೆಯ ಕಥೆ ಶುರುವಾಗೋದು ಇಲ್ಲೇ.

ಬಣ್ಣ ಹೇಳದ ಗುಟ್ಟು

ನಕ್ಷತ್ರದ ಬಣ್ಣ ಅದರ ಮೇಲ್ಮೈ ಎಷ್ಟು ಬಿಸಿ ಅಂತ ಹೇಳತ್ತೆ. ನೀಲಿ ಅಂದ್ರೆ ತುಂಬಾ ಬಿಸಿ, ಹಳದಿ ಮಧ್ಯಮ, ಕೆಂಪು ಅಂದ್ರೆ ಕಮ್ಮಿ ಬಿಸಿ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯೋದನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಬಣ್ಣ ಗಾತ್ರ ಹೇಳೋದಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹರ್ಟ್ಸ್‌ಪ್ರಂಗ್ ಮತ್ತು ರಸೆಲ್ ಎಂಬಿಬ್ಬರು ಬೇರೆ ಬೇರೆಯಾಗಿ ಒಂದು ವಿಷಯ ಕಂಡುಕೊಂಡರು: ಕೆಂಪು ನಕ್ಷತ್ರಗಳಲ್ಲಿ ಎರಡು ಗುಂಪು. ಒಂದು ತೀರಾ ಮಂಕು, ಇನ್ನೊಂದು ಅದರ ಸಾವಿರಾರು ಪಟ್ಟು ಪ್ರಕಾಶಮಾನ. ಬಿಸಿ ಒಂದೇ ಆಗಿದ್ದು ಬೆಳಕು ಮಾತ್ರ ಅಷ್ಟು ಹೆಚ್ಚಾಗಬೇಕಾದರೆ ಒಂದೇ ದಾರಿ, ಮೇಲ್ಮೈ ಅಷ್ಟು ವಿಸ್ತಾರ ಇರಬೇಕು. ಹೀಗೆ ಮಂಕಾದವಕ್ಕೆ ಕುಬ್ಜ, ಉಜ್ವಲವಾದವಕ್ಕೆ ದೈತ್ಯ ಅನ್ನೋ ಹೆಸರು ಬಂತು.

ಸಮಸ್ಯೆ ಏನಂದ್ರೆ, ಆಕಾಶದಲ್ಲಿ ನಮಗೆ ಕಾಣೋದು ತೋರಿಕೆಯ ಬೆಳಕು ಮಾತ್ರ. ರಾತ್ರಿ ಬಯಲಿನಲ್ಲಿ ದೂರಕ್ಕೆ ಒಂದು ದೀಪ ಕಂಡರೆ ಅದು ಹತ್ತಿರದ ಟಾರ್ಚೋ, ದೂರದ ಲಾರಿಯ ಹೆಡ್‌ಲೈಟೋ ಗೊತ್ತಾಗಲ್ಲ ಅಲ್ವಾ, ಹಾಗೆ. ದೂರ ಗೊತ್ತಿದ್ದರೆ ನಿಜವಾದ ಪ್ರಕಾಶ ಸಿಗತ್ತೆ, ನಿಜವಾದ ಪ್ರಕಾಶ ಗೊತ್ತಿದ್ದರೆ ದೂರ ಸಿಗತ್ತೆ. ಎರಡೂ ಗೊತ್ತಿಲ್ಲದಿದ್ದರೆ ಕೈಕಟ್ಟಿ ಕೂರಬೇಕು. ಭೂಮಿ ಸೂರ್ಯನ ಸುತ್ತ ಸುತ್ತುವಾಗ ನಕ್ಷತ್ರ ಜಾಗ ಬದಲಿಸಿದಂತೆ ಕಾಣೋದನ್ನು ಅಳೆದು ದೂರ ಹೇಳಬಹುದಿತ್ತು, ಆದರೆ ಆ ಕಾಲದ ಸಲಕರಣೆಗಳಿಗೆ ಅದು ತೀರಾ ಹತ್ತಿರದ ನಕ್ಷತ್ರಗಳಿಗೆ ಮಾತ್ರ ಸಾಧ್ಯ.

ಮೌಂಟ್ ವಿಲ್ಸನ್ನಿನ ಓಲಿನ್ ವಿಲ್ಸನ್ ಮತ್ತು ಬಾಪು ಹಿಡಿದದ್ದು ಬೇರೆ ದಾರಿ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದಾಗ ಸಿಗೋ ರೋಹಿತದಲ್ಲಿ ಕಪ್ಪು ಗೆರೆಗಳಿರತ್ತೆ. ನೇರಳೆ ತುದಿಯಲ್ಲಿ, 393 ನ್ಯಾನೋಮೀಟರ್ ಹತ್ತಿರ, ಕ್ಯಾಲ್ಸಿಯಂನಿಂದ ಆಗೋ ಅಗಲವಾದ ಒಂದು ಕಪ್ಪು ಗೆರೆ ಇದೆ. ಅದಕ್ಕೆ ಕೆ ಗೆರೆ ಅಂತ ಹೆಸರು. ಸೂರ್ಯನಂಥ ಮತ್ತು ಸೂರ್ಯನಿಗಿಂತ ತಣ್ಣಗಿನ ನಕ್ಷತ್ರಗಳಲ್ಲಿ ಆ ಕಪ್ಪಿನ ನಡುವೆ ಒಂದು ಸಣ್ಣ ಬೆಳ್ಳನೆಯ ಎಳೆ ಕಾಣತ್ತೆ. ನಕ್ಷತ್ರದ ಮೇಲ್ಮೈಯ ಮೇಲಿರೋ ತೆಳು ಪದರ, ಅಂದರೆ ವರ್ಣಮಂಡಲ, ಹೊರಗೆ ಬಿಡುವ ಬೆಳಕು ಅದು.

ಇಬ್ಬರೂ ಸೇರಿ 185 ನಕ್ಷತ್ರಗಳಲ್ಲಿ ಆ ಎಳೆಯ ಅಗಲ ಅಳೆದರು. ಕುಬ್ಜಗಳಲ್ಲಿ ಎಳೆ ಸಪೂರ, ದೈತ್ಯರಲ್ಲಿ ಅಗಲ, ಮಹಾದೈತ್ಯರಲ್ಲಿ ಇನ್ನೂ ಅಗಲ. ಅಗಲದ ಲಾಗರಿದಮ್ ಒಂದು ಅಕ್ಷದ ಮೇಲೆ, ನಿಜವಾದ ಪ್ರಕಾಶದ ಅಳತೆ ಇನ್ನೊಂದು ಅಕ್ಷದ ಮೇಲೆ ಇಟ್ಟರೆ ಬಿಂದುಗಳೆಲ್ಲ ಒಂದೇ ನೇರ ರೇಖೆಗೆ ಬಂದು ನಿಂತವು. ಅತಿ ಮಂಕಿನಿಂದ ಅತಿ ಉಜ್ವಲದವರೆಗೆ ಸುಮಾರು ಹತ್ತು ಲಕ್ಷ ಪಟ್ಟು ವ್ಯತ್ಯಾಸ, ಆದರೂ ರೇಖೆ ಒಂದೇ. ನಕ್ಷತ್ರ ಹಳದಿಯೋ ಕೆಂಪೋ ಅನ್ನೋದರ ಹಂಗೂ ಇಲ್ಲ.

ಈ ರೇಖೆಯ ಇಳಿಜಾರು ನೋಡಿದರೆ ಪ್ರಕಾಶ ಹೆಚ್ಚುಕಮ್ಮಿ ಅಗಲದ ಆರನೇ ಘಾತದ ಹಾಗೆ ಏರತ್ತೆ. ಎಳೆ ಎರಡು ಪಟ್ಟು ಅಗಲ ಆದರೆ ನಕ್ಷತ್ರ 64 ಪಟ್ಟು ಪ್ರಕಾಶಮಾನ. ಲ್ಯಾಬಿನಲ್ಲಿ ಎರರ್ ಅನಾಲಿಸಿಸ್ ಮಾಡಿ ಬೇಸತ್ತಿರೋ ನಮಗೆ ಇದರ ಬಿಸಿ ತಕ್ಷಣ ತಟ್ಟಬೇಕು. ಅಗಲದಲ್ಲಿ ಶೇ. 5 ತಪ್ಪಿದರೆ ಪ್ರಕಾಶದಲ್ಲಿ ಸುಮಾರು ಶೇ. 30 ತಪ್ಪು, ದೂರದಲ್ಲಿ ಸುಮಾರು ಶೇ. 15. ಹಾಗಾಗಿ ಅಳತೆ ಎಷ್ಟು ಚೊಕ್ಕವಾಗಿರಬೇಕಿತ್ತು ಅಂತ ಯೋಚಿಸಿ. ಕಂಪ್ಯೂಟರ್ ಇಲ್ಲದ ಕಾಲ, ಫೋಟೋ ಫಲಕದ ಮೇಲೆ ಕಣ್ಣಿಟ್ಟು ಅಳೆದದ್ದು.

ಆ ಲೇಖನ 1957ರಲ್ಲಿ ಹೊರಬಂತು. ಅಂದಿನಿಂದ ಅದಕ್ಕೆ ವಿಲ್ಸನ್-ಬಾಪು ಪರಿಣಾಮ ಅಂತಲೇ ಹೆಸರು. ದೈತ್ಯನ ಮೇಲ್ಮೈಯಲ್ಲಿ ಗುರುತ್ವ ಸಡಿಲ, ಕುಬ್ಜದಲ್ಲಿ ಬಿಗಿ, ಅದರಂತೆ ಮೇಲಿನ ಪದರದ ರಚನೆಯೂ ಬದಲಾಗತ್ತೆ, ಗೆರೆಯ ಅಗಲಕ್ಕೂ ಇದಕ್ಕೂ ನಂಟಿದೆ. 1989ರಲ್ಲಿ ಹಾರಿದ ಹಿಪ್ಪಾರ್ಕೋಸ್ ಉಪಗ್ರಹ ಸಾವಿರಾರು ನಕ್ಷತ್ರಗಳ ದೂರವನ್ನು ನೇರವಾಗಿ ಅಳೆದ ಮೇಲೆ ಈ ಸಂಬಂಧವನ್ನು ಮತ್ತೆ ಒರೆಗೆ ಹಚ್ಚಿದರು. ಅಂಕಿಗಳು ಸ್ವಲ್ಪ ತಿದ್ದುಪಡಿ ಆದವು, ರೇಖೆ ಉಳಿಯಿತು.

ಕುಬ್ಜ ಅನ್ನೋ ಒಂದು ಹೆಸರು, ಮೂರು ಬಾಳು

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಖಗೋಳ ವಿಜ್ಞಾನದಲ್ಲಿ ಕುಬ್ಜ ಅನ್ನೋ ಹೆಸರನ್ನು ಮೂರು ಬೇರೆ ಬೇರೆ ಸ್ಥಿತಿಗೆ ಇಟ್ಟುಬಿಟ್ಟಿದ್ದಾರೆ: ಬಾಳುತ್ತಿರೋದು, ಬಾಳಿ ಮುಗಿದದ್ದು, ಬಾಳು ಶುರುವೇ ಆಗದಿದ್ದದ್ದು.

ಮೊದಲನೆಯದು ಬಾಳುತ್ತಿರೋ ಕುಬ್ಜ. ಒಡಲಲ್ಲಿ ಹೈಡ್ರೋಜನ್ ಸೇರಿ ಹೀಲಿಯಂ ಆಗ್ತಾ ಇರೋ ಸಾಮಾನ್ಯ ನಕ್ಷತ್ರ. ನಮ್ಮ ಸೂರ್ಯನೂ ಇದೇ ಜಾತಿ, ಹಳದಿ ಕುಬ್ಜ. ಅದರ ನಡುವೆ ಸುಮಾರು ಒಂದೂವರೆ ಕೋಟಿ ಡಿಗ್ರಿ ಬಿಸಿ. ಗುರುತ್ವ ಒಳಕ್ಕೆ ಎಳೆಯತ್ತೆ, ಒಳಗಿನ ಒತ್ತಡ ಹೊರಕ್ಕೆ ತಳ್ಳತ್ತೆ, ಎರಡೂ ಸರಿಸಮ ಇರೋವರೆಗೆ ನಕ್ಷತ್ರ ನೆಮ್ಮದಿಯಾಗಿರತ್ತೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಬ್ಯಾರನ್ ಗೊತ್ತು. ಒಲೆಗೆ ಯಾವಾಗ ಎಷ್ಟು ಸೌದೆ ಹಾಕಬೇಕು ಅನ್ನೋದು ರಾತ್ರಿಯಿಡೀ ಮುಂದೆ ಕೂತು ನೋಡಿಕೊಳ್ಳೋರ ಕೈಲಿ ಇರತ್ತೆ. ನಕ್ಷತ್ರಕ್ಕೆ ಅಂಥ ಕೈ ಇಲ್ಲ. ಎಷ್ಟು ದ್ರವ್ಯರಾಶಿಯೊಂದಿಗೆ ಹುಟ್ಟಿತೋ ಅದೇ ಎಲ್ಲವನ್ನೂ ತೀರ್ಮಾನ ಮಾಡತ್ತೆ. ಭಾರ ಹೆಚ್ಚಿದ್ದರೆ ಒಳಗಿನ ಒತ್ತಡ, ಬಿಸಿ ಹೆಚ್ಚು, ಒಲೆ ಧಗಧಗ. ಸೂರ್ಯನ ಹತ್ತು ಪಟ್ಟು ಭಾರದ ನಕ್ಷತ್ರಕ್ಕೆ ಹತ್ತು ಪಟ್ಟು ಇಂಧನ ಇದ್ದರೂ ಅದು ಸಾವಿರಾರು ಪಟ್ಟು ವೇಗವಾಗಿ ಉರಿದು ಕೆಲವೇ ಕೋಟಿ ವರ್ಷದಲ್ಲಿ ಮುಗಿಯತ್ತೆ. ಸೂರ್ಯನಿಗೆ ಸುಮಾರು 1000 ಕೋಟಿ ವರ್ಷದ ಆಯಸ್ಸು, ಅದರಲ್ಲಿ 460 ಕೋಟಿ ಕಳೆದಿದೆ. ಸೂರ್ಯನ ಹತ್ತನೇ ಒಂದು ಭಾಗದಷ್ಟು ಭಾರ ಇರೋ ಕೆಂಪು ಕುಬ್ಜ ಲಕ್ಷಾಂತರ ಕೋಟಿ ವರ್ಷ ಮಿಣಮಿಣ ಉರೀತಾ ಇರತ್ತೆ. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಹಾಗಾಗಿ ಹುಟ್ಟಿದ ಇಂಥ ಸಣ್ಣ ಕೆಂಪು ಕುಬ್ಜಗಳಲ್ಲಿ ಒಂದೂ ಇನ್ನೂ ಮುಪ್ಪಿನಿಂದ ಸತ್ತಿಲ್ಲ.

ಸೂರ್ಯನಂಥ ನಕ್ಷತ್ರದ ನಡುವಿನ ಹೈಡ್ರೋಜನ್ ಮುಗಿದಾಗ ಏನಾಗತ್ತೆ? ನಡುಭಾಗ ಕುಗ್ಗಿ ಕಾಯತ್ತೆ, ಹೊರಭಾಗ ಉಬ್ಬಿ ತಣ್ಣಗಾಗಿ ಕೆಂಪಾಗತ್ತೆ. ಅದೇ ಕೆಂಪು ದೈತ್ಯ. ರೋಹಿಣಿ, ಸ್ವಾತಿ ಈಗ ಇರೋದು ಈ ಮುಪ್ಪಿನ ಹಂತದಲ್ಲಿ. ಅಂದರೆ ದೈತ್ಯ, ಕುಬ್ಜ ಅನ್ನೋದು ಎರಡು ಬೇರೆ ಕುಲ ಅಲ್ಲ, ಒಂದೇ ಬಾಳಿನ ಎರಡು ವಯಸ್ಸು. ಇವತ್ತಿನ ರೋಹಿಣಿ ಒಂದು ಕಾಲದಲ್ಲಿ ಕುಬ್ಜ. ನಮ್ಮ ಸೂರ್ಯ ಸುಮಾರು 500 ಕೋಟಿ ವರ್ಷದ ಮೇಲೆ ದೈತ್ಯ. ವಿಲ್ಸನ್ ಮತ್ತು ಬಾಪು ಅಳೆದ ಎಳೆ ಒಂದು ರೀತಿ ನಕ್ಷತ್ರ ಬಾಳಿನ ಯಾವ ಹಂತದಲ್ಲಿದೆ ಅನ್ನೋದನ್ನೂ ಹೇಳಿಬಿಡತ್ತೆ.

ಎರಡನೆಯದು ಬಾಳಿ ಮುಗಿದ ಕುಬ್ಜ, ಅಂದರೆ ಬಿಳಿ ಕುಬ್ಜ. ದೈತ್ಯ ತನ್ನ ಹೊರ ಪದರಗಳನ್ನು ಬಿಟ್ಟುಕೊಟ್ಟ ಮೇಲೆ ಉಳಿಯೋ ಬಿಸಿ ಗಟ್ಟಿ ನಡುಭಾಗ. ಒಲೆ ಆರಿದೆ, ಉಳಿದಿರೋದು ಕೆಂಡದ ಕಾವು. ಲುಬ್ಧಕದ ಪಕ್ಕದಲ್ಲೇ ಒಂದು ಇದೆ, 1862ರಲ್ಲಿ ಮೊದಲ ಬಾರಿ ಕಣ್ಣಿಗೆ ಬಿತ್ತು. ಭಾರ ಸೂರ್ಯನಷ್ಟು, ಗಾತ್ರ ಭೂಮಿಯಷ್ಟು. ಅದರ ಒಂದು ಚಮಚ ದ್ರವ್ಯ ಟನ್ನುಗಟ್ಟಲೆ ತೂಗತ್ತೆ. ಬಿಳಿ ಕುಬ್ಜ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರ ಇರೋಕಾಗಲ್ಲ ಅಂತ ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ತೀರಾ ಭಾರವಾದ ನಕ್ಷತ್ರಗಳ ನಡುಭಾಗ ಆ ಮಿತಿ ದಾಟಿ ಕುಸಿದು, ಸೂಪರ್ನೋವಾ ಆಗಿ ಸಿಡಿದು, ನ್ಯೂಟ್ರಾನ್ ನಕ್ಷತ್ರವನ್ನೋ ಕಪ್ಪು ಕುಳಿಯನ್ನೋ ಬಿಟ್ಟುಹೋಗತ್ತೆ. ಬಿಳಿ ಕುಬ್ಜ ಪೂರ್ತಿ ತಣ್ಣಗಾದರೆ ಕಪ್ಪು ಕುಬ್ಜ ಆಗಬೇಕು. ಆದರೆ ಅದಕ್ಕೆ ಬೇಕಾದಷ್ಟು ಕಾಲ ವಿಶ್ವಕ್ಕೇ ಇನ್ನೂ ಆಗಿಲ್ಲ, ಹಾಗಾಗಿ ಕಪ್ಪು ಕುಬ್ಜ ಸದ್ಯಕ್ಕೆ ಕಾಗದದ ಮೇಲೆ ಮಾತ್ರ.

ಮೂರನೆಯದು ಒಲೆ ಹೊತ್ತಿಕೊಳ್ಳದೆ ಹೋದ ಕುಬ್ಜ, ಕಂದು ಕುಬ್ಜ. ಸೂರ್ಯನ ಶೇ. 8ಕ್ಕಿಂತ ಕಮ್ಮಿ ಭಾರ ಇದ್ದರೆ ನಡುವಿನ ಬಿಸಿ ಹೈಡ್ರೋಜನ್ ಉರಿ ನಿಲ್ಲಿಸಿಕೊಳ್ಳುವಷ್ಟು ಏರೋದಿಲ್ಲ. ಹುಟ್ಟಿದಾಗಿನ ಕಾವಿನಲ್ಲೇ ಮಂಕಾಗಿ ಮಿನುಗಿ ತಣ್ಣಗಾಗ್ತಾ ಹೋಗತ್ತೆ. ಇಂಥವು ಇರಬೇಕು ಅಂತ 1960ರ ದಶಕದಲ್ಲೇ ಲೆಕ್ಕ ಹಾಕಿದ್ದರು, ಖಚಿತವಾಗಿ ಸಿಕ್ಕಿದ್ದು 1995ರಲ್ಲಿ. ಬಾಪು ಅವರಿಗೆ ಇದನ್ನು ನೋಡಲು ಆಗಲಿಲ್ಲ.

ಮರಳಿ ಬಂದ ದಾರಿ

ಪಾಲೊಮಾರಿನಲ್ಲಿ ಕೆಲಸ ಮಾಡಿದವರಿಗೆ ಅಮೆರಿಕದಲ್ಲಿ ಬಾಗಿಲುಗಳು ತೆರೆದೇ ಇರುತ್ತಿದ್ದವು. ಬಾಪು 1953ರಲ್ಲಿ ಭಾರತಕ್ಕೆ ಮರಳಿದರು. ಇಲ್ಲಿ ಏನಿತ್ತು? ಐದು ಮೀಟರ್ ಇರಲಿ, ಅದರ ಕಾಲು ಭಾಗದ ಆಧುನಿಕ ದೂರದರ್ಶಕವೂ ಇರಲಿಲ್ಲ. ಇದ್ದವು ಹಳೆಯ ಸಲಕರಣೆಗಳ ಹಳೆಯ ವೀಕ್ಷಣಾಲಯಗಳು.

1954ರಲ್ಲಿ ಉತ್ತರ ಪ್ರದೇಶ ಸರ್ಕಾರ ವಾರಾಣಸಿಯಲ್ಲಿ ಶುರು ಮಾಡಿದ್ದ ಹೊಸ ವೀಕ್ಷಣಾಲಯದ ಹೊಣೆ ಅವರಿಗೆ ಬಂತು. ಬಯಲು ಸೀಮೆಯ ಧೂಳು, ಮಂಜಿನಲ್ಲಿ ನಕ್ಷತ್ರ ನೋಡೋದು ಆಗದ ಕೆಲಸ ಅಂತ ಕಂಡು ಅದನ್ನು ನೈನಿತಾಲ್ ಬೆಟ್ಟಕ್ಕೆ ಸಾಗಿಸಿದರು. 1960ರಲ್ಲಿ, ಇನ್ನೂ ಮೂವತ್ಮೂರು ತುಂಬುವ ಆಸುಪಾಸಿನಲ್ಲಿ, ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕೆನಾಲ್ 1899ರಿಂದ ಸೂರ್ಯನನ್ನು ನೋಡಿಕೊಂಡು ಬಂದ ಜಾಗ. ಇಪ್ಪತ್ತನೇ ಶತಮಾನದ ಶುರುವಿನಿಂದಲೇ ಅಲ್ಲಿ ಕ್ಯಾಲ್ಸಿಯಂ ಕೆ ಗೆರೆಯ ಬೆಳಕಿನಲ್ಲೇ ಸೂರ್ಯನ ಫೋಟೋ ತೆಗೆದು ಜೋಪಾನ ಮಾಡಿಟ್ಟಿದ್ದರು. ದೂರದ ನಕ್ಷತ್ರಗಳಲ್ಲಿ ತಾವು ಅಳೆದ ಅದೇ ಗೆರೆ! ದೂರದ ನಕ್ಷತ್ರ ಬರೀ ಚುಕ್ಕಿ. ಸೂರ್ಯನಾದರೆ ಬಿಲ್ಲೆ, ಯಾವ ಭಾಗ ಏನು ಮಾಡ್ತಿದೆ ಅಂತ ಬಿಡಿಸಿ ನೋಡಬಹುದು. ಸಹೋದ್ಯೋಗಿ ಶಿವರಾಮನ್ ಜೊತೆ ಸೇರಿ ಬಾಪು ಸೂರ್ಯನ ವರ್ಣಮಂಡಲದ ಸಣ್ಣ ಸಣ್ಣ ಬೆಳಕಿನ ಮಚ್ಚೆಗಳ ರೋಹಿತ ಅಳೆದರು. ಆ ಪುಟ್ಟ ಮಚ್ಚೆಗಳಲ್ಲಿ ಎಳೆಯ ಅಗಲ ಸೂರ್ಯನಷ್ಟು ಪ್ರಕಾಶದ ಕುಬ್ಜಕ್ಕೆ ಎಷ್ಟು ಇರಬೇಕೋ ಅಷ್ಟೇ ಬಂತು. 1971ರಲ್ಲಿ ಅದು ಪ್ರಕಟವಾಯಿತು. ದೂರದ ನಕ್ಷತ್ರದಲ್ಲಿ ಆ ಎಳೆ ಎಲ್ಲಿಂದ ಬರತ್ತೆ ಅನ್ನೋದಕ್ಕೆ ನಮ್ಮ ಮನೆಯ ಕುಬ್ಜವೇ ಸುಳಿವು ಕೊಟ್ಟಿತು.

ಜವಾದಿ ಬೆಟ್ಟದ ಕತ್ತಲೆ

ಕೊಡೈಕೆನಾಲ್ ಸೂರ್ಯನಿಗೆ ಒಳ್ಳೆಯ ಜಾಗ. ನಕ್ಷತ್ರಗಳಿಗೆ ಮೋಡ ಕಮ್ಮಿ ಇರೋ, ಊರ ದೀಪ ಇಲ್ಲದ, ದಕ್ಷಿಣದ ಆಕಾಶ ಕಾಣೋ ಜಾಗ ಬೇಕಿತ್ತು. ಬಾಪು ಆರಿಸಿದ್ದು ತಮಿಳುನಾಡಿನ ಜವಾದಿ ಬೆಟ್ಟದ ಕಾಡಿನೊಳಗಿನ ಕಾವಲೂರು. ಸಮುದ್ರ ಮಟ್ಟದಿಂದ ಸುಮಾರು 725 ಮೀಟರ್ ಎತ್ತರ, ಅಕ್ಷಾಂಶ ಹನ್ನೆರಡೂವರೆ ಡಿಗ್ರಿ ಉತ್ತರ. ನಮ್ಮ ನಾಲ್ಕು ತಾಲ್ಲೂಕುಗಳೂ ಹೆಚ್ಚುಕಮ್ಮಿ ಇದೇ ಅಕ್ಷಾಂಶದಲ್ಲಿವೆ. ಅಂದರೆ ಕಾವಲೂರಿನ ಆಕಾಶವೂ ಎಚ್.ಡಿ. ಕೋಟೆಯ ಕಾಡಂಚಿನ ಆಕಾಶವೂ ಒಂದೇ. ಯುರೋಪಿನಿಂದ ಕಾಣದ ಎಷ್ಟೋ ದಕ್ಷಿಣದ ನಕ್ಷತ್ರಗಳು ಇಲ್ಲಿ ದಿಗಂತದ ಮೇಲೆ ಏರುತ್ತವೆ.

1968ರಲ್ಲಿ ಅಲ್ಲಿ ಕೆಲಸ ಶುರುವಾಗಿದ್ದು 38 ಸೆಂಟಿಮೀಟರಿನ ಒಂದು ಸಣ್ಣ ದೂರದರ್ಶಕದಿಂದ. ಅದನ್ನು ಹೊರಗಿನಿಂದ ಕೊಂಡಿರಲಿಲ್ಲ, ತಮ್ಮ ವರ್ಕ್‌ಶಾಪಿನಲ್ಲೇ ಮಾಡಿದ್ದರು. 1972ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಕಂಪನಿಯ ಒಂದು ಮೀಟರ್ ದೂರದರ್ಶಕ ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಅನಿರೀಕ್ಷಿತವಾಗಿ ಕುಸಿದದ್ದು ಇಲ್ಲಿಯ ದಾಖಲೆಯಲ್ಲೂ ಬಿತ್ತು. ಯುರೇನಸ್ಸಿಗೂ ಬಳೆಗಳಿವೆ ಅಂತ ಜಗತ್ತಿಗೆ ಗೊತ್ತಾದದ್ದು ಆ ರಾತ್ರಿಯ ವೀಕ್ಷಣೆಗಳಿಂದ.

ಈ ನಡುವೆ 1971ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯ ಹವಾಮಾನ ಇಲಾಖೆಯಿಂದ ಬೇರೆಯಾಗಿ ಭಾರತೀಯ ಖಭೌತ ಸಂಸ್ಥೆ ಅನ್ನೋ ಸ್ವಾಯತ್ತ ಸಂಸ್ಥೆ ಆಯಿತು. ಬಾಪು ಅದರ ಮೊದಲ ನಿರ್ದೇಶಕ. ಆ ದಶಕದಲ್ಲೇ ಅದರ ಕೇಂದ್ರ ಬೆಂಗಳೂರಿಗೆ ಬಂತು.

ಕೋರಮಂಗಲದಲ್ಲಿ ಉಜ್ಜಿದ ಕನ್ನಡಿ

ಬಾಪು ಅವರ ದೊಡ್ಡ ಆಸೆ ಅಂದರೆ ಭಾರತದಲ್ಲೇ ವಿನ್ಯಾಸ ಮಾಡಿ, ಭಾರತದಲ್ಲೇ ಕಟ್ಟಿದ ದೊಡ್ಡ ದೂರದರ್ಶಕ. ಕನ್ನಡಿಯ ಅಡ್ಡಗಲ 2.34 ಮೀಟರ್. ಒಂದು ಮೀಟರ್ ಕೊಂಡು ತಂದ ಹಾಗೆ ಇದನ್ನೂ ಕೊಂಡು ತರಬಹುದಿತ್ತು. ಹಾಗೆ ಮಾಡಿದ್ದರೆ ಬೇಗ ಮುಗೀತಿತ್ತೇನೋ, ಆದರೆ ಮಾಡೋ ಕೈಗಳು ಇಲ್ಲಿ ತಯಾರಾಗ್ತಾ ಇರಲಿಲ್ಲ.

ಗಾಜಿನ ಬಿಲ್ಲೆ ಜರ್ಮನಿಯಿಂದ ಬಂತು. ಅದನ್ನು ಬೆಂಗಳೂರಿನ ಸಂಸ್ಥೆಯ ಆಪ್ಟಿಕ್ಸ್ ಪ್ರಯೋಗಾಲಯದಲ್ಲಿ ಎ.ಪಿ. ಜಯರಾಜನ್ ಅವರ ತಂಡ ಉಜ್ಜಿ ಹೊಳಪು ಕೊಟ್ಟಿತು. ಇಂಥ ಕನ್ನಡಿಯ ಮೇಲ್ಮೈ ಬೆಳಕಿನ ಅಲೆಯುದ್ದದ ಒಂದು ಸಣ್ಣ ಭಾಗದಷ್ಟೂ ಏರುಪೇರು ಇಲ್ಲದ ಹಾಗೆ ಬರಬೇಕು. ಉಜ್ಜೋದು, ಕಾವು ಆರಲು ಬಿಡೋದು, ಪರೀಕ್ಷೆ ಮಾಡೋದು, ಮತ್ತೆ ಉಜ್ಜೋದು. ಒಂದು ಕಡೆ ಹೆಚ್ಚು ಉಜ್ಜಿಬಿಟ್ಟರೆ ಉಳಿದದ್ದೆಲ್ಲವನ್ನೂ ಆ ಮಟ್ಟಕ್ಕೆ ಇಳಿಸಬೇಕು. ಯಂತ್ರಭಾಗದ ವಿನ್ಯಾಸಕ್ಕೆ ಟಾಟಾ ಕನ್ಸಲ್ಟಿಂಗ್ ಎಂಜಿನಿಯರ್ಸ್ ಕೈಜೋಡಿಸಿದರು, ಉಕ್ಕಿನ ಕೆಲಸ ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆಯಲ್ಲಿ ಆಯಿತು, ನಿಯಂತ್ರಣ ವ್ಯವಸ್ಥೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಸೇರಿದರು. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್, ಎಲ್ಲ ಬ್ರಾಂಚಿನವರಿಗೂ ಅದರಲ್ಲಿ ಕೆಲಸ ಇತ್ತು. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅಷ್ಟು ಭಾರದ ಉಕ್ಕು ಅಲುಗಾಡದೆ ತಿರುಗಬೇಕು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಒಂದು ಸ್ಟೆಪ್ಪರ್ ಮೋಟಾರನ್ನು ನಡುಗದಂತೆ ತಿರುಗಿಸಲು ನಾವು ಪಡೋ ಪಾಡು ನೆನೆದರೆ ಇದರ ತೂಕ ಗೊತ್ತಾಗತ್ತೆ.

ಕೆಲಸದ ಜೊತೆಗೆ ಗೌರವಗಳೂ ಬಂದವು. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಸ್ಥಾನಕ್ಕೆ ಏರಿದ ಮೊದಲ ಭಾರತೀಯ ಅವರು.

1982ರ ಆಗಸ್ಟಿನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸಿನ ಪಾತ್ರಾಸ್ ನಗರದಲ್ಲಿ ಸೇರಿತು. ಅಧ್ಯಕ್ಷರ ಕುರ್ಚಿ ಖಾಲಿ ಇತ್ತು. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಬಾಪು ಮ್ಯೂನಿಕ್‌ನಲ್ಲಿದ್ದರು. ಸಭೆ ನಡೆಯುತ್ತಿದ್ದ ದಿನಗಳಲ್ಲೇ, ಆಗಸ್ಟ್ 19ರಂದು, ಅಲ್ಲಿಯೇ ತೀರಿಕೊಂಡರು. ಐವತ್ತೈದು ತುಂಬಿ ಒಂಬತ್ತು ದಿನ ಆಗಿತ್ತು. ಕನ್ನಡಿ ಇನ್ನೂ ಕಾವಲೂರಿನ ಗುಮ್ಮಟ ಸೇರಿರಲಿಲ್ಲ.

ಅವರು ತಯಾರು ಮಾಡಿದ ಕೈಗಳು ಕೆಲಸ ನಿಲ್ಲಿಸಲಿಲ್ಲ. ಅವರ ನಂತರ ಜೆ.ಸಿ. ಭಟ್ಟಾಚಾರ್ಯ ಹೊಣೆ ಹೊತ್ತರು. 1985ರ ನವೆಂಬರಿನಲ್ಲಿ ಕನ್ನಡಿಯ ಮೇಲೆ ಮೊದಲ ಬಾರಿ ನಕ್ಷತ್ರದ ಬೆಳಕು ಬಿತ್ತು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದಕ್ಕೆ ವೈನು ಬಾಪು ದೂರದರ್ಶಕ ಅಂತ ಹೆಸರಿಟ್ಟರು. ಆಗ ಭಾರತದಲ್ಲೇ ದೊಡ್ಡ ದೂರದರ್ಶಕ ಅದು. ಅದರ ಮುಂದಿನ ಹೆಜ್ಜೆಯಾಗಿ ಲಡಾಖಿನ ಹಾನ್ಲೆಯಲ್ಲಿ ಇದೇ ಸಂಸ್ಥೆ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ನಿಲ್ಲಿಸಿತು. ಅದನ್ನು ನಡೆಸೋದು ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ.

ಒಂದು ಬದುಕಿನಲ್ಲಿ ಮುಗಿಯದಷ್ಟು ದೊಡ್ಡ ಕೆಲಸವನ್ನು ಬಾಪು ಕೈಗೆತ್ತಿಕೊಂಡಿದ್ದರು. ತಾವಿಲ್ಲದೆಯೂ ಅದು ಮುಗಿಯುವ ಹಾಗೆ ಜನರನ್ನು ಬೆಳೆಸಿಟ್ಟಿದ್ದರು. ನಮಗೆ ಅವರ ಲೇಖನದ ಆ ನೇರ ರೇಖೆಯಷ್ಟೇ ಇದೂ ದೊಡ್ಡದಾಗಿ ಕಾಣತ್ತೆ.

ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಊರಿಗೆ ಹೋದಾಗ, ಮೋಡ ಇಲ್ಲದ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ದಿಗಂತದಿಂದ ಹದಿನೇಳು ಡಿಗ್ರಿ ಮೇಲೆ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿಗಿಂತ ತುಸು ಎತ್ತರದಲ್ಲಿ, ಆಲ್ಫಾ ಸೆಂಟಾರಿ ಹೊಳೆಯುತ್ತಿರತ್ತೆ. ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿ ಕಾಣೋ ಅದರಲ್ಲಿ ದೊಡ್ಡ ನಕ್ಷತ್ರ ನಮ್ಮ ಸೂರ್ಯನ ಹಾಗೇ ಹಳದಿ ಕುಬ್ಜ. ಅದಕ್ಕೆ ಹತ್ತಿರದಲ್ಲೇ, ಕಣ್ಣಿಗೆ ಕಾಣದೆ, ಪ್ರಾಕ್ಸಿಮಾ ಅನ್ನೋ ಕೆಂಪು ಕುಬ್ಜ ಇದೆ. 4.24 ಜ್ಯೋತಿರ್ವರ್ಷ ದೂರ, ಸೂರ್ಯನ ಆಚೆಗೆ ನಮಗೆ ಅತಿ ಹತ್ತಿರದ ನಕ್ಷತ್ರ. ಹುಣಸೂರಿನಲ್ಲಿ ನೀವು ನೋಡೋ ಆ ನಕ್ಷತ್ರಗಳು, ನಮ್ಮಿಂದ ಪೂರ್ವಕ್ಕಿರೋ ಕಾವಲೂರಿನಲ್ಲಿ ಹತ್ತು ನಿಮಿಷ ಮುಂಚೆಯೇ ಅದೇ ಎತ್ತರಕ್ಕೆ ಬಂದಿರುತ್ತವೆ.